ಒಳ್ಳೆಯ ಸುದ್ದಿ ತಂದವರ ಮುಂದೆ

(ದಾವಣಗೆರೆಯಲ್ಲಿ ಬೆಳಗಿನ ವಾಕಿಂಗ್ ಗೆಳೆಯರು ಸೇರಿ ನಡೆಸುವ ಭಾನುವಾರದ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭೆಯವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತಾ ಇದೆಯಾ? ಸರಿ.

ಮೊದಲು ಒಂದು ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ಯಾರದಾದರೂ ಮಣ್ಣಿಗೆ ಹೋಗಿ ಬಂದವರು ಕೈ ಎತ್ತಿ. ನೋಡಿ, ಇಡೀ ಸಭೆಯೇ ಎತ್ತಿತು. ಇನ್ನೊಂದು ಪ್ರಶ್ನೆ. ಇದೇ ಒಂದು ವರ್ಷದಲ್ಲಿ ನಿಮ್ಮ ಮನೆಯವರು ಯಾರಾದರೂ ಒಂದು ಸಣ್ಣ ಖುಷಿಯ ಸುದ್ದಿ ತಂದಾಗ, ಮೊಬೈಲ್ ಕೆಳಗಿಟ್ಟು, ಟಿವಿ ಸೌಂಡು ತಗ್ಗಿಸಿ, ಐದು ನಿಮಿಷ ಅದರ ಬಗ್ಗೆಯೇ ವಿಚಾರಿಸಿದವರು ಎಷ್ಟು ಜನ? ಈಗ ಕೈಗಳು ಅರ್ಧಕ್ಕೇ ನಿಂತಿವೆ. ಮುಂದಿನ ಸಾಲಿನ ಯಜಮಾನರೊಬ್ಬರು ಎತ್ತಿದ ಕೈಯನ್ನು ಪಕ್ಕದಲ್ಲಿ ಕೂತ ಮನೆಯವರ ಮುಖ ನೋಡಿ ಇಳಿಸಿದರು. ಅದನ್ನೂ ನೋಡಿದೆ ಯಜಮಾನ್ರೇ.

ಸಂಬಂಧ ಗಟ್ಟಿಯೋ ಟೊಳ್ಳೋ ಅಂತ ತಿಳಿಯಲು ನಮ್ಮ ಕಡೆ ಇರುವ ಅಳತೆಗೋಲು ಒಂದೇ. ಆಪತ್ತಿಗಾದವನೇ ನೆಂಟ ಅಂತೀವಿ. ಮದುವೆಗೆ ಹೋಗದಿದ್ದರೂ ನಡೆದೀತು, ಮಣ್ಣಿಗೆ ತಪ್ಪಿಸಬಾರದು ಅಂತ ಹಿರಿಯರು ಕಲಿಸಿದರು, ನಾವು ಕಲಿತೆವು. ಜಗಳೂರಿನಲ್ಲಿ ಒಬ್ಬರು ತೀರಿಕೊಂಡರೆ ಚನ್ನಗಿರಿಯಿಂದ ಗಾಡಿ ಮಾಡಿಕೊಂಡು ಜನ ಬರುತ್ತಾರೆ. ಆಸ್ತಿ ಪಾಲಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರೂ ಆ ದಿನ ಹೆಗಲು ಕೊಡುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹತ್ತುವುದಿಲ್ಲ, ಪಕ್ಕದ ಮನೆಯವರು ಅನ್ನ ಸಾರು ಮಾಡಿ ತಂದಿಡುತ್ತಾರೆ. ಇದನ್ನು ಯಾರೂ ವ್ಯಕ್ತಿತ್ವ ವಿಕಸನ ಶಿಬಿರದಲ್ಲಿ ಕಲಿತದ್ದಲ್ಲ. ಈ ವಿಷಯದಲ್ಲಿ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ.

ದೊಡ್ಡ ಸಂತೋಷಕ್ಕೂ ನಮ್ಮಲ್ಲಿ ಏರ್ಪಾಡಿದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಈ ಊರಿನಲ್ಲಿ ಯಾರು ಯಾರ ಮನೆಯಲ್ಲಿ ಉಂಡರು ಅಂತ ಲೆಕ್ಕ ಇಡಲಿಕ್ಕಾಗುವುದಿಲ್ಲ. ಮದುವೆ, ಗೃಹಪ್ರವೇಶ, ತೊಟ್ಟಿಲು, ಎಲ್ಲಕ್ಕೂ ಕರೆಯುವ ರೀತಿ ಇದೆ, ಹೋಗುವ ರೀತಿ ಇದೆ, ಮುಯ್ಯಿ ಮಾಡುವ ರೀತಿಯೂ ಇದೆ. ನಮಗೆ ಬಾರದಿರುವುದು ಸಣ್ಣ ಸಂತೋಷ. ಮಂಗಳವಾರ ಸಂಜೆ ಏಳಕ್ಕೆ ಮಗ ಬಂದು "ಇವತ್ತು ಮೇಷ್ಟ್ರು ಕ್ಲಾಸಲ್ಲಿ ನನ್ನ ಹೆಸರು ಹೇಳಿದ್ರು" ಅಂತಾನಲ್ಲ, ಅದಕ್ಕೆ ಏನನ್ನಬೇಕು ಅಂತ ಯಾವ ಅಜ್ಜಿಯೂ ನಮಗೆ ಹೇಳಿಕೊಡಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಮಂಗಳವಾರ ಸಂಜೆಯ ಬಗ್ಗೆ.

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿದವಳು. ಪಾಠದ ಪುಸ್ತಕಗಳಲ್ಲಿ ಬಹಳ ಕಾಲ ದುಃಖ, ಭಯ, ಖಿನ್ನತೆ, ಜಗಳ ಇವುಗಳದ್ದೇ ರಾಜ್ಯಭಾರ. ಗಂಡ ಹೆಂಡತಿ ಹೇಗೆ ಬೇರೆಯಾಗುತ್ತಾರೆ ಅಂತ ನೂರೆಂಟು ಅಧ್ಯಯನ ನಡೆದವು. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಅವರ ಜೊತೆಗಾರರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಒಬ್ಬರಿಗೆ ಒಳ್ಳೆಯದಾದಾಗ ಇನ್ನೊಬ್ಬರು ಏನು ಮಾಡುತ್ತಾರೆ? 2004ರಲ್ಲಿ ಪ್ರಕಟವಾದ ಅವರ ಬರಹದಲ್ಲಿ, ಒಳ್ಳೆಯ ಸುದ್ದಿ ಕೇಳಿದವರ ಪ್ರತಿಕ್ರಿಯೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅದನ್ನು ಅಮೆರಿಕದ ಉದಾಹರಣೆಯಲ್ಲಿ ಹೇಳುವ ಬದಲು ನಿಟುವಳ್ಳಿ ಕಡೆಯ ಒಂದು ಮನೆಗೆ ಕರೆದುಕೊಂಡು ಹೋಗುತ್ತೇನೆ, ಬನ್ನಿ.

ಮನೆಯಾಕೆ ಹೊಲಿಗೆ ಕೆಲಸ ಮಾಡುತ್ತಾರೆ. ಇಷ್ಟು ದಿನ ಬ್ಲೌಸು, ಸೀರೆಗೆ ಫಾಲ್ಸು, ಅಷ್ಟೇ. ಇವತ್ತು ಮೊದಲ ಸಲ ದೊಡ್ಡ ಆರ್ಡರ್ ಬಂದಿದೆ. ಗಂಡ ಅಂಗಡಿ ಬಾಗಿಲು ಹಾಕಿ ಬಂದು ಚಪ್ಪಲಿ ಬಿಡುತ್ತಿದ್ದಾರೆ. "ರೀ, ಸ್ಕೂಲಿನೋರು ಬಂದಿದ್ರು. ನಲವತ್ತು ಯೂನಿಫಾರಂ ನನಗೇ ಹೊಲಿಯೋಕೆ ಕೊಟ್ರು."

ಒಬ್ಬ ಗಂಡ ಅನ್ನುತ್ತಾನೆ: "ಹೌದಾ! ನಿನ್ನ ಹೆಸರು ಯಾರು ಹೇಳಿದ್ರಂತೆ? ಕೂತ್ಕೋ, ಪೂರಾ ಹೇಳು. ಯಾವಾಗ ಕೊಡಬೇಕಂತೆ?"

ಎರಡನೆಯವನು: "ಹ್ಞೂಂ, ಒಳ್ಳೇದಾತು ಬಿಡು." ಕಣ್ಣು ಆಗಲೇ ಟಿವಿ ಮೇಲೆ.

ಮೂರನೆಯವನು: "ನಲವತ್ತಾ? ನಿನ್ನ ಕೈಲಿ ಆಗ್ತದಾ? ಸ್ಕೂಲಿನೋರು ದುಡ್ಡು ಬೇಗ ಕೊಡಲ್ಲ. ಆಮೇಲೆ ಮನೆ ಕೆಲಸ ಯಾರು ನೋಡ್ತಾರೆ?"

ನಾಲ್ಕನೆಯವನು: "ಅದಿರ್ಲಿ, ಸಿಲಿಂಡರ್ ಬಂತಾ?"

ನಗುತ್ತಿದ್ದೀರಿ. ನಾಲ್ಕನೆಯವರು ಈ ಸಭೆಯಲ್ಲಿ ಬಹಳ ಜನ ಇದ್ದಾರೆ ಅಂತ ನಗುವಿನ ಗಾತ್ರದಿಂದಲೇ ಗೊತ್ತಾಯಿತು. ಮೂರನೆಯದು ಮತ್ತು ನಾಲ್ಕನೆಯದು ಸಂಬಂಧವನ್ನು ಕೆಡಿಸುತ್ತವೆ ಅಂತ ಹೇಳಲು ಸಂಶೋಧನೆ ಬೇಕಾಗಿಲ್ಲ. ಗೇಬಲ್ ಅವರ ಅಧ್ಯಯನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎರಡನೆಯದು. "ಒಳ್ಳೇದಾತು ಬಿಡು" ಅನ್ನುವುದರಲ್ಲಿ ತಪ್ಪೇನಿದೆ? ಕೊಂಕಿಲ್ಲ, ಬೈಗುಳವಿಲ್ಲ, ಸುದ್ದಿ ಕೇಳಿದ್ದೂ ಆಯಿತು. ಆದರೂ ಇಂಥ ತಣ್ಣನೆಯ ಒಪ್ಪಿಗೆ ಹೆಚ್ಚಾಗಿದ್ದ ಜೋಡಿಗಳಲ್ಲಿ ತೃಪ್ತಿ, ನಂಬಿಕೆ, ಆಪ್ತತೆ ಕಡಿಮೆಯೇ ಇತ್ತು. ನಾಲ್ಕರಲ್ಲಿ ಮೊದಲನೆಯದೊಂದೇ ಒಳ್ಳೆಯ ಸಂಬಂಧದ ಜೊತೆ ಕಾಣಿಸಿಕೊಂಡದ್ದು. ನಮ್ಮ ಮನೆಗಳಲ್ಲಿ "ಬೈಯಲಿಲ್ಲವಲ್ಲ, ಇನ್ನೇನು ಬೇಕು" ಅನ್ನುವ ಗಂಡಸರು ಇದನ್ನು ಸ್ವಲ್ಪ ಯೋಚಿಸಬೇಕು.

2006ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರೀತಿಸುತ್ತಿದ್ದ ಜೋಡಿಗಳನ್ನು ಕ್ಯಾಮೆರಾ ಮುಂದೆ ಕೂರಿಸಿ, ಒಮ್ಮೆ ಒಂದು ಕಷ್ಟದ ವಿಷಯ, ಇನ್ನೊಮ್ಮೆ ಒಂದು ಒಳ್ಳೆಯ ಸುದ್ದಿ ಹಂಚಿಕೊಳ್ಳಲು ಹೇಳಿದರು. ಎರಡು ತಿಂಗಳ ನಂತರ ಯಾರು ಜೊತೆಗಿದ್ದಾರೆ, ಯಾರು ಬೇರೆಯಾಗಿದ್ದಾರೆ ಅಂತ ನೋಡಿದರು. ಕಷ್ಟ ಹೇಳಿಕೊಂಡಾಗ ಸಂಗಾತಿ ಹೇಗೆ ನಡೆದುಕೊಂಡರು ಅನ್ನುವುದಕ್ಕಿಂತ, ಒಳ್ಳೆಯ ಸುದ್ದಿ ಹೇಳಿದಾಗ ಹೇಗೆ ನಡೆದುಕೊಂಡರು ಅನ್ನುವುದೇ ಸಂಬಂಧದ ಆರೋಗ್ಯವನ್ನು ಹೆಚ್ಚು ಸರಿಯಾಗಿ ತೋರಿಸಿತು. ಆಪತ್ತಿಗಾದವನೇ ನೆಂಟ ಅನ್ನುವ ನಮ್ಮ ಅಳತೆಗೋಲಿಗೆ ಇದು ತಿರುಗುಬಾಣ. ಅಮೆರಿಕದ ಹರೆಯದ ಜೋಡಿಗಳ ಮೇಲೆ ಮಾಡಿದ ಅಧ್ಯಯನ, ಅದನ್ನು ತಂದು ಹೊನ್ನಾಳಿಯ ಕೂಡು ಕುಟುಂಬಕ್ಕೆ ಹಾಗೇ ಅಂಟಿಸಲಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಕಾರಣ ಯೋಚಿಸಿದರೆ ನಮಗೂ ಹೊಂದುತ್ತದೆ ಅನ್ನಿಸುತ್ತದೆ. ಕಷ್ಟದಲ್ಲಿ ಯಾರಾದರೂ ಸಹಾಯಕ್ಕೆ ಬಂದಾಗ ಉಪಕಾರದ ಜೊತೆಗೆ "ನನ್ನಿಂದ ಆಗಲಿಲ್ಲ" ಅನ್ನುವ ಸಣ್ಣ ಮುಜುಗರವೂ ಬರುತ್ತದೆ. ಸಂತೋಷ ಕೇಳಿಸಿಕೊಂಡಾಗ ಆ ಮುಜುಗರ ಇಲ್ಲ. ಮೇಲಾಗಿ ಕಷ್ಟ ದಿನಾ ಬರುವುದಿಲ್ಲ, ಸಣ್ಣ ಒಳ್ಳೆಯದು ದಿನಾ ಒಂದಾದರೂ ಆಗುತ್ತಿರುತ್ತದೆ. ದಿನಾ ನಡೆಯುವ ಪರೀಕ್ಷೆಯಲ್ಲಿ ದಿನಾ ಫೇಲಾಗುತ್ತಾ, ವರ್ಷಕ್ಕೊಮ್ಮೆ ಬರುವ ಪರೀಕ್ಷೆಗೆ ನಾವು ಕಾಯುತ್ತಾ ಕೂತಿರುತ್ತೇವೆ.

ಸುದ್ದಿ ಅಂದರೆ ಆರ್ಡರು, ಮಾರ್ಕ್ಸು, ಪ್ರಮೋಷನ್ನೇ ಆಗಬೇಕಿಲ್ಲ. "ಕುಂದವಾಡ ಕೆರೇಲಿ ಇವತ್ತು ಎಷ್ಟು ಹಕ್ಕಿ ಬಂದಿದ್ವು ಅಂತೀಯ" ಅಂತ ನಿಮ್ಮವರು ಅಂದರೆ ಅವರೇನು ಹಕ್ಕಿ ಗಣತಿಯ ವರದಿ ಕೊಡುತ್ತಿಲ್ಲ. ನಿನ್ನ ಜೊತೆ ಎರಡು ಮಾತಾಡಬೇಕು ಅನ್ನುತ್ತಿದ್ದಾರೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್ಮನ್ ಅನ್ನುವ ಮನಶ್ಶಾಸ್ತ್ರಜ್ಞ ದಂಪತಿಗಳು ಮಾತಾಡುವುದನ್ನು ಗಮನಿಸಲೆಂದೇ ಒಂದು ಮನೆಯಂಥ ಪ್ರಯೋಗಾಲಯ ಮಾಡಿಕೊಂಡಿದ್ದರು. ಹೊಸದಾಗಿ ಮದುವೆಯಾದವರನ್ನು ಅಲ್ಲಿ ನೋಡಿ, ಆರು ವರ್ಷದ ನಂತರ ಮತ್ತೆ ವಿಚಾರಿಸಿದರು. ಜೊತೆಗೇ ಉಳಿದಿದ್ದವರು ಇಂಥ ಸಣ್ಣ ಕರೆಗಳಿಗೆ 100ಕ್ಕೆ 86 ಸಲ ಓಗೊಟ್ಟಿದ್ದರು. ವಿಚ್ಛೇದನ ಪಡೆದವರು ಓಗೊಟ್ಟದ್ದು 33 ಸಲ ಮಾತ್ರ. ಯಾರು ಬೇರೆಯಾಗುತ್ತಾರೆ ಅಂತ ಮೊದಲೇ ಹೇಳಬಲ್ಲೆ ಅನ್ನುವ ಗಾಟ್ಮನ್ ಅವರ ದೊಡ್ಡ ಮಾತಿನ ಬಗ್ಗೆ ಬೇರೆ ಸಂಶೋಧಕರು ತಕರಾರು ಎತ್ತಿದ್ದಾರೆ. ಬೇರೆಯಾದ ಮೇಲೆ ಸೂತ್ರ ಹೊಂದಿಸುವುದು ಬೇರೆ, ಮುಂಚಿತವಾಗಿ ಹೇಳುವುದು ಬೇರೆ ಅನ್ನುವುದು ಅವರ ವಾದ, ಅದು ಸರಿಯಾಗಿಯೇ ಇದೆ. ಆ ಭವಿಷ್ಯವಾಣಿ ನಮಗೆ ಬೇಡ. 86ನ್ನು ಮಾತ್ರ ಇಟ್ಟುಕೊಳ್ಳೋಣ. ಚೆನ್ನಾಗಿ ಬಾಳಿದವರೂ 100ಕ್ಕೆ 14 ಸಲ ಕೇಳಿಸಿಕೊಳ್ಳಲಿಲ್ಲ, ಆದರೂ ಬಾಳಿದರು. ಎಲ್ಲ ಸಲ ಪಾಸಾಗಬೇಕಿಲ್ಲ ಅನ್ನುವುದು ನನಗಂತೂ ದೊಡ್ಡ ಸಮಾಧಾನ.

ಈಗ ಮೂರನೆಯ ಗಂಡನ ಬಗ್ಗೆ ಸ್ವಲ್ಪ ಮಾತಾಡೋಣ, ಅವನಿಗೆ ಅನ್ಯಾಯ ಆಗಬಾರದು. "ನಿನ್ನ ಕೈಲಿ ಆಗ್ತದಾ" ಅಂದವನು ಕೆಟ್ಟವನೇ ಆಗಬೇಕಿಲ್ಲ. ಬಹುಪಾಲು ಅಪ್ಪಂದಿರು ಹೀಗೇ. ಕಾಳಜಿ ಅವರಿಂದ ಎಚ್ಚರಿಕೆಯ ರೂಪದಲ್ಲೇ ಹೊರಬರುತ್ತದೆ. ಮೆಕ್ಕೆಜೋಳ ಬೆಳೆದು, ಮಳೆ ನಂಬಿ, ದಲ್ಲಾಳಿ ಅಂಗಡಿಯಲ್ಲಿ ರೇಟು ಕೇಳಿ ಎದೆ ಒಡೆದುಕೊಂಡು ಬಂದ ತಲೆಮಾರು ಅದು. ಒಳ್ಳೆಯ ಸುದ್ದಿ ಬಂದ ಕೂಡಲೇ ಅವರಿಗೆ ಮುಂದಿನ ಅಪಾಯ ಕಾಣುತ್ತದೆ. ಸ್ಕೂಲಿನವರು ದುಡ್ಡು ತಡ ಮಾಡಬಹುದು ಅನ್ನುವುದು ಸುಳ್ಳೂ ಅಲ್ಲ. ಆದರೆ ಅದನ್ನು ನಾಳೆ ಬೆಳಿಗ್ಗೆ ತಿಂಡಿ ತಿನ್ನುತ್ತಾ ಹೇಳಬಹುದು. "ಅಡ್ವಾನ್ಸ್ ಎಷ್ಟು ಕೊಟ್ರು?" ಅಂತ ನಾಳೆ ಕೇಳಿದರೆ ಅದು ಸಲಹೆ. ಇವತ್ತು, ಚಪ್ಪಲಿ ಬಿಡುತ್ತಾ ಕೇಳಿದರೆ ತಣ್ಣೀರು. ಮಾತು ಅದೇ, ಹೊತ್ತು ಮಾತ್ರ ಬೇರೆ.

ಪಿಯುಸಿ ರಿಸಲ್ಟ್ ದಿನ ಈ ಊರಿನಲ್ಲಿ ಏನು ನಡೆಯುತ್ತದೆ ನೆನಪಿಸಿಕೊಳ್ಳಿ. ದಾವಣಗೆರೆ ಅಂದರೆ ಕಾಲೇಜುಗಳ ಊರು. ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ ಶುರುವಾಯಿತು, ಇಂಜಿನಿಯರಿಂಗ್ ಕಾಲೇಜುಗಳು ಬಂದವು, 2009ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಲ್ಲಿ ಈಗ ತಲೆಯ ತುಂಬ ಮಾರ್ಕ್ಸು. ಹುಡುಗಿ 91 ಪರ್ಸೆಂಟ್ ತೆಗೆದು ಫೋನ್ ಮಾಡುತ್ತಾಳೆ. ಚಿಕ್ಕಪ್ಪ: "ಕೆಮಿಸ್ಟ್ರೀಲಿ ಎಷ್ಟು?" ದೊಡ್ಡಮ್ಮ: "ಪಕ್ಕದ ಮನೆ ಹುಡುಗಂಗೆ 94 ಅಂತೆ?" ಅಪ್ಪ: "ನೀಟ್ ಮುಖ್ಯ ಕಣವ್ವಾ, ಇದೆಲ್ಲ ಏನಿಲ್ಲ." ಎಲ್ಲರೂ ಅವಳ ಒಳ್ಳೆಯದನ್ನೇ ಬಯಸುವವರು. ಫೋನ್ ಇಟ್ಟ ಮೇಲೆ ಆ ಹುಡುಗಿಯ ಕೈಯಲ್ಲಿ 91ರಲ್ಲಿ ಎಷ್ಟು ಉಳಿದಿರುತ್ತದೆ ಅಂತ ಯಾರೂ ನೋಡುವುದಿಲ್ಲ.

"ಮಕ್ಕಳನ್ನ ಹೊಗಳಿದರೆ ತಲೆಗೇರುತ್ತೆ ಮೇಡಂ" ಅಂತ ನನಗೆ ಹೇಳದ ಪೋಷಕರಿಲ್ಲ. ಅದರಲ್ಲಿ ಒಂದು ಪಾಲು ಸತ್ಯ ಇದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಚಿತ್ರವಿನ್ಯಾಸದ ಒಗಟು ಕೊಟ್ಟು, ಕೆಲವರಿಗೆ "ನೀನು ಬಹಳ ಬುದ್ಧಿವಂತ" ಅಂತಲೂ, ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಅಂತಲೂ ಹೇಳಿದರು. ಆಮೇಲೆ ಕಠಿಣವಾದ ಒಗಟು ಕೊಟ್ಟಾಗ ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕುಗ್ಗಿದರು. ಅಂದರೆ ಪಟ್ಟ ಕಟ್ಟುವ ಹೊಗಳಿಕೆ ನಿಜಕ್ಕೂ ಕೆಡಿಸುತ್ತದೆ. ಆದರೆ ನಾನು ಹೊಗಳಿ ಅನ್ನುತ್ತಿಲ್ಲ, ಕೇಳಿ ಅನ್ನುತ್ತಿದ್ದೇನೆ. "ಯಾವ ಪೇಪರ್ ಬರೆದು ಬಂದಾಗ ಖುಷಿಯಾಗಿತ್ತು? ರಿಸಲ್ಟ್ ಮೊದಲು ಯಾರಿಗೆ ಹೇಳಿದೆ? ಆ ಕಷ್ಟದ ಪಾಠ ಯಾವಾಗ ಕೂತು ಓದಿದೆ?" ಇದರಲ್ಲಿ ಒಂದು ಹೊಗಳಿಕೆಯೂ ಇಲ್ಲ. ಆದರೂ ಆ ಹುಡುಗಿ ಅರ್ಧ ಗಂಟೆ ಮಾತಾಡುತ್ತಾಳೆ, ತನ್ನ ಗೆಲುವನ್ನು ಎರಡನೇ ಸಲ ಬಾಳುತ್ತಾಳೆ. ಲ್ಯಾಂಗ್‌ಸ್ಟನ್ ಅನ್ನುವ ಸಂಶೋಧಕರು 1994ರಲ್ಲೇ ಇದನ್ನು ತೋರಿಸಿದ್ದರು. ಒಳ್ಳೆಯದನ್ನು ಇನ್ನೊಬ್ಬರಿಗೆ ಹೇಳಿಕೊಂಡಾಗ, ಆ ಘಟನೆಯಿಂದ ಸಿಗುವ ಸಂತೋಷದ ಮೇಲೆ ಇನ್ನಷ್ಟು ಸಂತೋಷ ಸೇರುತ್ತದೆ.

ವಾಟ್ಸಾಪ್ ಫ್ಯಾಮಿಲಿ ಗ್ರೂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಬ್ಬೆರಳು ಒತ್ತುವುದು, ಗುಲಾಬಿ ಚಿತ್ರ ಹಾಕುವುದು ಎರಡನೆಯ ಗಂಡನ "ಒಳ್ಳೇದಾತು ಬಿಡು" ಇದ್ದಂತೆಯೇ. ಬೇಡ ಅನ್ನುವುದಿಲ್ಲ. ನಿಮಗೆ ನಿಜಕ್ಕೂ ಬೇಕಾದವರ ಸುದ್ದಿಯಾಗಿದ್ದರೆ ಹೆಬ್ಬೆರಳು ಒತ್ತಿ ಬಿಡಬೇಡಿ, ಫೋನ್ ಮಾಡಿ.

ಈಗ ಒಂದು ಕಷ್ಟದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಒಳಗೊಳಗೇ ಯೋಚಿಸುತ್ತಿರುವುದು ಇದನ್ನೇ. ಹೊಟ್ಟೆಕಿಚ್ಚು.

ನಮ್ಮ ಜನ ಒಳ್ಳೆಯ ಸುದ್ದಿ ಮುಚ್ಚಿಡುತ್ತಾರೆ. ಸೈಟು ನೋಂದಣಿ ಆಗುವವರೆಗೆ ಹೇಳುವುದಿಲ್ಲ, ಹೆಣ್ಣು ನೋಡಿ ಒಪ್ಪಿಗೆಯಾದರೂ ಹೇಳುವುದಿಲ್ಲ, ಬಸುರಿಯಾದರೆ ಮೂರು ತಿಂಗಳು ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ. ಮಗು ಚೆನ್ನಾಗಿದೆ ಅಂದರೆ ಕೆನ್ನೆಗೆ ಕಪ್ಪು ಬೊಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ. ಇದನ್ನು ಮೂಢನಂಬಿಕೆ ಅಂತ ತಳ್ಳಿಬಿಡುವುದು ಸುಲಭ. ನಾನು ಹಾಗೆ ತಳ್ಳುವುದಿಲ್ಲ. ಒಲೆಯಲ್ಲಿ ಮೆಣಸಿನಕಾಯಿ ಘಾಟು ಬಂತೋ ಇಲ್ಲವೋ ಅನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಹತ್ತಿರದವರ ಕಣ್ಣು ಎಷ್ಟು ಉರಿಯಬಲ್ಲದು ಅಂತ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತಿರದವರದ್ದು, ಗಮನಿಸಿ. ದಾರಿಹೋಕರದ್ದಲ್ಲ.

ಇದನ್ನು ಪ್ರಯೋಗದಲ್ಲೂ ನೋಡಿದ್ದಾರೆ. ಅಬ್ರಹಾಂ ಟೆಸ್ಸರ್ ಮತ್ತು ಜೊನಾಥನ್ ಸ್ಮಿತ್ 1980ರಲ್ಲಿ ಒಂದು ಪದ ಹುಡುಕುವ ಆಟ ಆಡಿಸಿದರು. ಆಡುವವರು ಬೇರೆಯವರಿಗೆ ಸುಳಿವು ಕೊಡಬೇಕು. ಆ ಬೇರೆಯವರಲ್ಲಿ ಒಬ್ಬ ಗೆಳೆಯ, ಇನ್ನೊಬ್ಬ ಅಪರಿಚಿತ. ಇದು ಬರೀ ಆಟ ಅಂದಾಗ ಗೆಳೆಯನಿಗೆ ಸುಲಭದ ಸುಳಿವು ಕೊಟ್ಟರು. ಇದು ನಿಮ್ಮ ಬುದ್ಧಿಶಕ್ತಿಯ ಅಳತೆ ಅಂದಾಗ ಮಾತ್ರ ಗೆಳೆಯನಿಗೇ ಕಷ್ಟದ ಸುಳಿವು, ಅಪರಿಚಿತನಿಗೆ ಅದಕ್ಕಿಂತ ಸುಲಭದ್ದು! ಟೆಸ್ಸರ್ ಮುಂದೆ ಇದನ್ನೇ ಒಂದು ಸಿದ್ಧಾಂತವಾಗಿ ಬೆಳೆಸಿದರು. ಗೆದ್ದವನು ಹತ್ತಿರದವನಾಗಿದ್ದು, ಗೆದ್ದ ಕ್ಷೇತ್ರ ನಮ್ಮದೂ ಆಗಿದ್ದರೆ ಉರಿ ಜಾಸ್ತಿ. ಕ್ಷೇತ್ರ ನಮ್ಮದಲ್ಲದಿದ್ದರೆ ಅದೇ ಹತ್ತಿರದವನ ಗೆಲುವು ನಮಗೆ ಹೆಮ್ಮೆ. ನಿಮ್ಮ ತಂಗಿಯ ಮಗ ಸಂಗೀತ ಸ್ಪರ್ಧೆಯಲ್ಲಿ ಗೆದ್ದರೆ ನೀವು ಊರೆಲ್ಲ ಹೇಳಿಕೊಂಡು ಬರುತ್ತೀರಿ. ಅದೇ ತಂಗಿ ಎಂಸಿಸಿ ಬ್ಲಾಕಿನಲ್ಲಿ ನಿಮಗಿಂತ ಮೊದಲು ಮನೆ ಕಟ್ಟಿಸಿದರೆ ಗೃಹಪ್ರವೇಶದ ದಿನ ಬೆನ್ನು ನೋವು ಶುರುವಾಗುತ್ತದೆ.

ಹಾಗಾಗಿ ಉರಿ ಹತ್ತಿದರೆ ನಾನು ಕೆಟ್ಟವಳು ಅಂತ ಹಣೆ ಚಚ್ಚಿಕೊಳ್ಳಬೇಡಿ. ಎಲ್ಲಿ ಉರಿಯುತ್ತದೋ ಅಲ್ಲಿ ನಿಮ್ಮದೇ ಒಂದು ಆಸೆ ಇದೆ ಅಂತ ಅರ್ಥ. ತಂಗಿಯ ಮನೆ ನೋಡಿ ಉರಿದರೆ, ನನಗೂ ಸ್ವಂತ ಮನೆ ಬೇಕಿತ್ತು ಅಂತ. ಆ ಆಸೆಯನ್ನು ನಿಮ್ಮಷ್ಟಕ್ಕೆ ಒಪ್ಪಿಕೊಂಡರೆ ತಂಗಿಯ ಮುಂದೆ ಬೆನ್ನು ನೋವಿನ ನಾಟಕ ಬೇಕಾಗುವುದಿಲ್ಲ. ಆಪ್ತರಿದ್ದರೆ ಬಾಯಿಬಿಟ್ಟೇ ಹೇಳಬಹುದು: "ನಿಜವಾಗ್ಲೂ ಖುಷಿಯಾತು ಕಣೇ, ಸ್ವಲ್ಪ ಹೊಟ್ಟೇನೂ ಉರೀತು." ನನ್ನ ಅನುಭವದಲ್ಲಿ ಈ ಮಾತಿಗೆ ಮುನಿಸಿಕೊಂಡ ಅಕ್ಕತಂಗಿಯರನ್ನು ನಾನು ನೋಡಿಲ್ಲ. ಹೇಳದೇ ನುಂಗಿ, ಟೈಲ್ಸ್ ಸರಿಯಿಲ್ಲ, ವಾಸ್ತು ಸರಿಯಿಲ್ಲ ಅಂತ ಕೊಂಕು ತೆಗೆದವರ ಮನೆಗಳಲ್ಲಿ ಮಾತು ನಿಂತುಹೋದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ವ್ಯಕ್ತಿತ್ವ ವಿಕಸನ ಅಂತ ಕಾರ್ಯಕ್ರಮದ ಕಾಗದದಲ್ಲಿ ಹಾಕಿದ್ದಾರೆ, ಆ ಪದಕ್ಕೂ ನ್ಯಾಯ ಸಲ್ಲಿಸಬೇಕಲ್ಲ. ಶಿಬಿರಗಳಲ್ಲಿ ಕನ್ನಡಿ ಮುಂದೆ ನಿಂತು ನಾನು ಗೆಲ್ಲುತ್ತೇನೆ ಅಂತ ಹೇಳಿಸುತ್ತಾರೆ. ಗುರಿ ಬರೆಸುತ್ತಾರೆ. ಅದರಿಂದ ಕೆಲವರಿಗೆ ಉಪಯೋಗ ಆಗಿರಬಹುದು. ನನಗೆ ಆ ಕನ್ನಡಿಯ ಮೇಲೆ ಹೆಚ್ಚು ನಂಬಿಕೆ ಇಲ್ಲ. ಮನುಷ್ಯ ಬೆಳೆಯುವುದು ಬಹುಮಟ್ಟಿಗೆ ಇನ್ನೊಬ್ಬರ ಕಣ್ಣಿನಲ್ಲಿ. 1999ರಲ್ಲಿ ಡ್ರಿಗೋಟಾಸ್, ರಸ್ಬುಲ್ಟ್ ಮತ್ತಿತರರು ಇದಕ್ಕೆ ಶಿಲ್ಪಿ ಮೈಕೆಲೆಂಜೆಲೊನ ಹೆಸರು ಇಟ್ಟರು. ಕಲ್ಲಿನೊಳಗೇ ಮೂರ್ತಿ ಇದೆ, ಶಿಲ್ಪಿ ಬೇಡದ್ದನ್ನು ತೆಗೆಯುತ್ತಾನೆ ಅನ್ನುವ ಮಾತು ಅವನ ಹೆಸರಿನಲ್ಲಿ ಬಂದಿದೆ. ಸಂಗಾತಿಗಳು ಒಬ್ಬರನ್ನೊಬ್ಬರು ಹಾಗೇ ಕೆತ್ತುತ್ತಾರೆ ಅನ್ನುವುದು ಅವರ ಅಧ್ಯಯನದ ತಿರುಳು. ನಾನು ಏನಾಗಬೇಕೆಂದು ಆಸೆಪಟ್ಟಿದ್ದೇನೋ, ನನ್ನನ್ನು ಆಗಲೇ ಹಾಗೆಂದು ನಡೆಸಿಕೊಳ್ಳುವವರ ಜೊತೆ ಬಾಳಿದರೆ ನಿಧಾನಕ್ಕೆ ಹಾಗೇ ಆಗುತ್ತೇನೆ. ನಿಟುವಳ್ಳಿಯ ಆ ಹೊಲಿಗೆಯಾಕೆಗೆ ಒಂದು ದಿನ ಸ್ವಂತ ಅಂಗಡಿ ಇಡುವ ಆಸೆ ಇರಬಹುದು. "ನಿನ್ನ ಹೆಸರು ಯಾರು ಹೇಳಿದ್ರಂತೆ?" ಅಂತ ಕೇಳಿದ ಗಂಡ ಅವರನ್ನು ಆ ಅಂಗಡಿಯ ಯಜಮಾನತಿ ಅಂತಲೇ ಮಾತಾಡಿಸಿದ. "ಸಿಲಿಂಡರ್ ಬಂತಾ" ಅಂದವನ ಮನೆಯಲ್ಲಿ ಬಟ್ಟೆ ಹೊಲಿಯುವುದು ಸಂಜೆಯ ಕಾಲಕ್ಷೇಪವಾಗಿಯೇ ಉಳಿಯುತ್ತದೆ.

ಆರೋಗ್ಯದ ಮಾತು ಚಿಕ್ಕದಾಗಿ. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ 268 ಕಾಲೇಜು ಹುಡುಗರನ್ನು ಮತ್ತು ಬಾಸ್ಟನ್‌ನ ಬಡ ಬಡಾವಣೆಗಳ 456 ಹುಡುಗರನ್ನು ಜೀವನಪೂರ್ತಿ ಹಿಂಬಾಲಿಸಿತು. 50ನೇ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತರಾಗಿದ್ದವರು 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. 80ರ ಆರೋಗ್ಯವನ್ನು ಮೊದಲೇ ಅಂದಾಜು ಮಾಡಲು ಕೊಲೆಸ್ಟರಾಲ್ ಮಟ್ಟ ಅಷ್ಟು ನೆರವಾಗಲಿಲ್ಲ. ಅದರಲ್ಲಿ ಹೆಂಗಸರಿರಲಿಲ್ಲ, ಬಿಳಿಯರಲ್ಲದವರಿರಲಿಲ್ಲ, ಆ ಮಿತಿ ಇದೆ. 2010ರಲ್ಲಿ ಜೂಲಿಯಾನ್ ಹೋಲ್ಟ್ ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಕೂಡಿಸಿದಾಗಲೂ ಗಟ್ಟಿ ಸಂಬಂಧ ಇದ್ದವರು ಬದುಕಿ ಉಳಿಯುವ ಸಾಧ್ಯತೆ 50 ಪ್ರತಿಶತ ಹೆಚ್ಚು ಅಂತ ಕಂಡಿತು. 2023ರಲ್ಲಿ ಒಂಟಿತನವೂ ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತ ಅಮೆರಿಕಕ್ಕೆ ಎಚ್ಚರಿಕೆ ಕೊಟ್ಟ, ಆಗ ಅಲ್ಲಿನ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ವೈದ್ಯರಾಗಿದ್ದ ವಿವೇಕ್ ಮೂರ್ತಿ ಅವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಬಿಪಿ ಮಾತ್ರೆಯನ್ನು ಮರೆಯದೇ ನುಂಗುವವರು ಇದನ್ನೂ ಮರೆಯಬಾರದು ಅಂತ ಇಷ್ಟು ಹೇಳಿದೆ.

ನಿವೃತ್ತರಾದವರು ಇಲ್ಲಿ ಬಹಳ ಇದ್ದೀರಿ, ನಿಮಗೆ ಇನ್ನೊಂದು ಅಂಕಿ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದಂತೆ, ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಆಪ್ತರಾಗಲು 200 ಗಂಟೆ ದಾಟಬೇಕು. ಆಫೀಸಿನಲ್ಲಿ ಬರೀ ಕೆಲಸ ಮಾಡುತ್ತಾ ಕಳೆದ ಹೊತ್ತಿಗೆ ಅಷ್ಟು ಬೆಲೆಯಿಲ್ಲ, ಸುಮ್ಮನೆ ಹರಟಿದ ಹೊತ್ತಿಗೆ ಇದೆ. ಸಂಜೆ ಮಂಡಕ್ಕಿ ಮಿರ್ಚಿ ಮುಂದೆ ಕೂತ ಹೊತ್ತು ವ್ಯರ್ಥ ಅಂತ ಮನೆಯಲ್ಲಿ ಬೈಸಿಕೊಂಡವರು ಇದನ್ನು ಹೇಳಬಹುದು. ಮಿರ್ಚಿ ಎಷ್ಟು ತಿಂದಿರಿ ಅನ್ನುವುದಕ್ಕೆ ಮಾತ್ರ ಹಾಲ್ ಜವಾಬ್ದಾರರಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

ಮೊದಲು ಎದ್ದವರು ಒಬ್ಬ ನಿವೃತ್ತ ಬ್ಯಾಂಕ್ ನೌಕರರು. "ಮೇಡಂ, ಎಲ್ಲದಕ್ಕೂ ಹಿಗ್ಗಬೇಕಾ? ನನ್ನ ಮಗ ಆಪ್ಷನ್ ಟ್ರೇಡಿಂಗ್ ಮಾಡ್ತಾನೆ. ಮೊನ್ನೆ ಒಂದೇ ದಿನ ಹನ್ನೆರಡು ಸಾವಿರ ಬಂತು ಅಂತ ಕುಣಿದ. ನಾನೂ ಕುಣೀಬೇಕಾ?"

ಒಳ್ಳೆಯ ಪ್ರಶ್ನೆ. ಕುಣಿಯಬೇಡಿ. ನಿಮ್ಮ ಹೆದರಿಕೆಗೆ ಆಧಾರ ಇದೆ. ಷೇರು ಪೇಟೆಯ ಮೇಲೆ ನಿಗಾ ಇಡುವ ಸೆಬಿ 2024ರಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ, ಷೇರುಗಳ ಮುಂದಿನ ಬೆಲೆಯ ಮೇಲೆ ನಡೆಯುವ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಮೂರು ಆರ್ಥಿಕ ವರ್ಷಗಳ ಅವಧಿಯಲ್ಲಿ ವ್ಯವಹರಿಸಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಜನ ನಷ್ಟ ಮಾಡಿಕೊಂಡಿದ್ದಾರೆ. ಅದನ್ನು ಅವನಿಗೆ ಹೇಳಲೇಬೇಕು. ಆದರೆ ಮೊದಲು ಕೇಳಿ. ಎಷ್ಟು ಹಾಕಿದ್ದೆ, ಹೇಗೆ ಆಯ್ಕೆ ಮಾಡಿದೆ, ಹೋದ ತಿಂಗಳು ಒಟ್ಟು ಎಷ್ಟು? ಬೈದರೆ ಏನಾಗುತ್ತದೆ ಗೊತ್ತಾ? ಬಂದ ಹನ್ನೆರಡು ಸಾವಿರ ನಿಮಗೆ ಗೊತ್ತಾಯಿತು, ನಾಳೆ ಹೋದ ಎರಡು ಲಕ್ಷ ಗೊತ್ತಾಗುವುದಿಲ್ಲ. ಗೆಲುವನ್ನು ಹೇಳಿಕೊಳ್ಳಲು ಆಗದ ಮನೆಯಲ್ಲಿ ಸೋಲನ್ನು ಯಾರು ಹೇಳುತ್ತಾರೆ?

ಹಿಂದಿನ ಸಾಲಿನ ತಾಯಿಯೊಬ್ಬರು: "ಮಗಳು ಬೆಂಗಳೂರಾಗೆ ಅದಾಳೆ. ದಿನಾ ಫೋನ್ ಮಾಡ್ತಾಳೆ. ಊಟ ಆತಾ ಅಂತೀನಿ, ಆತು ಅಂತಾಳೆ. ಅಷ್ಟಕ್ಕೇ ಮುಗೀತದೆ. ಮುಂದೆ ಏನ್ ಕೇಳಬೇಕು ಅಂತ ತಿಳಿಯಲ್ಲ."

"ಊಟ ಆತಾ" ಅನ್ನುವುದನ್ನು ದಯವಿಟ್ಟು ಬಿಡಬೇಡಿ ಅವ್ವಾ, ಅದರಲ್ಲೇ ಎಲ್ಲ ಇದೆ. ಅದರ ಮೇಲೆ ಒಂದು ಸೇರಿಸಿ. ನಿನ್ನೆ ಅವಳು ಹೇಳಿದ್ದರಲ್ಲಿ ಒಂದನ್ನು ನೆನಪಿಟ್ಟುಕೊಂಡು ಇವತ್ತು ಕೇಳಿ. "ಆ ರೂಮಿನ ಹುಡುಗಿಗೆ ಜ್ವರ ಬಿಡ್ತಾ?" "ಮ್ಯಾನೇಜರ್ ರಜೆ ಕೊಟ್ನಾ?" ಅವಳ ಕೆಲಸ ನಿಮಗೆ ಅರ್ಥವಾಗಬೇಕಿಲ್ಲ. ನೀವು ನೆನಪಿಟ್ಟುಕೊಂಡಿದ್ದೀರಿ ಅನ್ನುವುದು ಅವಳಿಗೆ ಅರ್ಥವಾದರೆ ಸಾಕು.

ಕೊನೆಗೆ, ಮೊದಲೇ ಕೈ ಇಳಿಸಿದ ಮುಂದಿನ ಸಾಲಿನ ಯಜಮಾನರು ಎದ್ದರು. ಮನೆಯವರು ಕಾಫಿಗೆಂದು ಹೊರಗೆ ಹೋಗಿದ್ದನ್ನು ನೋಡಿಕೊಂಡೇ ಎದ್ದಂತಿತ್ತು. "ನೀವು ಹೇಳಿದ್ದೆಲ್ಲ ಸರಿ ಮೇಡಂ. ಆದ್ರೆ ನಮ್ಮನೇಲಿ ಆಕೆ ಈಗ ಏನೂ ಹೇಳೋದೇ ಬಿಟ್ಟಾಳೆ. ಸುದ್ದೀನೇ ಬರದಿದ್ರೆ ನಾನು ಏನಂತ ಕೇಳ್ಲಿ?"

ನಗಬೇಡಿ, ಇವತ್ತಿನ ಅತ್ಯಂತ ಮುಖ್ಯ ಪ್ರಶ್ನೆ ಇದು. ಹೇಳುವುದನ್ನು ಬಿಟ್ಟವರು ಮತ್ತೆ ಶುರು ಮಾಡಲು ಹೊತ್ತು ಹಿಡಿಯುತ್ತದೆ. "ಇವತ್ತಿನಿಂದ ನನಗೆ ಎಲ್ಲ ಹೇಳು" ಅಂತ ಅಪ್ಪಣೆ ಮಾಡಬೇಡಿ. ಮೊದಲು ನೀವೇ ಹೇಳಿ, ನಿಮ್ಮ ದಿನದಲ್ಲಿ ಆದ ಒಂದು ಸಣ್ಣ ಒಳ್ಳೆಯದನ್ನು. ಅವರ ಪ್ರತಿಕ್ರಿಯೆ ತಣ್ಣಗಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಅದನ್ನು ಕಲಿಸಿದವರು ಯಾರು ಅಂತ ನಿಮಗೇ ಗೊತ್ತು. ಆಮೇಲೆ ಅವರು ಮಾಡುತ್ತಿರುವ ಯಾವುದಾದರೂ ಒಂದನ್ನು ಕಣ್ಣಿಟ್ಟು ನೋಡಿ, ಅದರ ಬಗ್ಗೆ ಒಂದೇ ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೆ ಕಾಯಿರಿ. ಮೊದಲ ಕೆಲವು ಸಲ ಅನುಮಾನ ಬರುತ್ತದೆ. "ಏನ್ರೀ, ಆರಾಮ ಅದೀರಾ? ಬಿಪಿ ನೋಡಿಸಿದ್ರಾ?" ಅಂತ ಕೇಳಬಹುದು.

"ಅದಂತೂ ಗ್ಯಾರಂಟಿ ಕೇಳ್ತಾಳೆ" ಅಂದರು ಅವರು. ಅಷ್ಟರಲ್ಲಿ ಅವರ ಮನೆಯವರು ಎರಡು ಲೋಟ ಕಾಫಿ ಹಿಡಿದುಕೊಂಡು ಒಳಗೆ ಬಂದು "ಏನು ಕೇಳ್ತೀನಿ?" ಅಂದರು. ಸಭೆ ನಗುತ್ತಿದ್ದಂತೆ ಯಜಮಾನರು ಒಂದು ಲೋಟ ಇಸಿದುಕೊಂಡು "ಕೂತ್ಕೋ, ಹೇಳ್ತೀನಿ" ಅಂದರು.